ಬಾನೆಟ್ ಮುಚ್ಚಿ ಕೇಳಿ

ಮೆಕ್ಯಾನಿಕ್ಕನ ಅಂಗಳ ಬಿಟ್ಟು ಮೂರನೆಯ ತಿರುವಿಗೇ ಎಂಜಿನ್ ಮತ್ತೆ ಮಿಸ್ ಹೊಡೆಯಿತು. ನರ್ಸ್ ಹಲ್ಲು ಕಚ್ಚಿ ಕಾರನ್ನು ವಾಪಸು ಅಲ್ಲಿಗೇ ತಿರುಗಿಸಿದಳು. ಮನೆ ಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು ಅವಳ ಕೆಲಸ. ಈ ವಾರ ಎರಡು ಸಲ ತಡವಾಗಿತ್ತು; ಮೂರನೆಯ ಸಲವಾದರೆ ಅವಳ ಮನೆಗಳನ್ನು ಬೇರೆಯವರಿಗೆ ವಹಿಸುವುದಾಗಿ ಆಫೀಸಿನವರು ಹೇಳಿಬಿಟ್ಟಿದ್ದರು. ಮೊದಲ ಮನೆ ತಲುಪಲು ಉಳಿದದ್ದು ಮುಕ್ಕಾಲು ಗಂಟೆ.

ಮುಂದಿನ ಸೀಟಿನಲ್ಲಿ ಭಾವ, ಹಿಂದೆ ಅತ್ತೆ. ಭಾವ ಬಂದದ್ದು ಸಲಹೆ ಕೊಡಲು. ಅತ್ತೆ ಬಂದದ್ದು ದಾರಿಯಲ್ಲಿ ಕಣ್ಣಿನ ಡಾಕ್ಟರ ಬಳಿ ಇಳಿಯಲು. ಮನೆಯಲ್ಲಿ ಮುಗಿಯದ ಬೆಳಗಿನ ದೇವರ ಪದ್ಯಗಳನ್ನು ಅವರು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ಕನನ್ನು ಎಲ್ಲರೂ ಪ್ರೊಫೆಸರ್ ಎನ್ನುತ್ತಿದ್ದರು. ಬಾನೆಟ್ ಎತ್ತಿದರೆ ಪಾಠ ಶುರು. ಪಾಠ ಮುಗಿದ ಮೇಲೆ ಎಂಜಿನ್ ಆರಿಸಿ ಬಾನೆಟ್ ಮುಚ್ಚುವುದು ಅವನ ಪದ್ಧತಿ. ಈಗಲೂ ಬಾನೆಟ್ ಎತ್ತಿದ. ಎಂಜಿನ್ ಸಾಧುವಿನ ಹಾಗೆ ಓಡತೊಡಗಿತು.

"ನೋಡಿ ಸಿಸ್ಟರ್, ಪ್ಲಗ್ಗು ಹೊಸದು, ಕಾಯಿಲು ಹೊಸದು. ಇನ್ನು ಬದಲಾಯ್ಸೋಕೆ ಉಳಿದಿರೋದು ಓಡ್ಸೋರು ಮಾತ್ರ."

"ಪೆಟ್ರೋಲಲ್ಲಿ ನೀರು ಸೇರಿದೆ," ಎಂದರು ಭಾವ.

"ನಿನ್ನೆ ಗಾಳಿ ಅಂದ್ರಲ್ಲ ಭಾವ?"

"ಗಾಳೀಲಿ ನೀರಿರಲ್ವೇನಮ್ಮ?"

ಅತ್ತೆ ಕಿಟಕಿ ಇಳಿಸಿದರು. "ಅಪ್ಪಾ, ಒಂದು ಮಾತು..."

"ಇರಿ ಅಜ್ಜಿ, ಇದು ಟೆಕ್ನಿಕಲ್ಲು."

ನರ್ಸ್ ಗಡಿಯಾರ ನೋಡಿಕೊಂಡಳು. ಉಳಿದದ್ದು ಅರ್ಧ ಗಂಟೆ. "ಎಲ್ರೂ ಸ್ವಲ್ಪ ಬಾಯಿ ಮುಚ್ಕೊಳ್ತೀರಾ? ಅತ್ತೆ, ನೀವು ಹೇಳಿ."

"ದಾರೀಲಿ ನಾಲ್ಕರಲ್ಲಿ ಒಂದು ಬಡಿತ ನುಂಗ್ತಿತ್ತು ಕಣಮ್ಮ. ನನ್ನ ಪದ್ಯಾನೂ ಅದರ ಜೊತೆ ಎಡವ್ತಿತ್ತು. ಇವರು ಮುಚ್ಚಳ ತೆಗೆದ್ರು ನೋಡು, ನಾಲ್ಕೂ ಸರಿಯಾಗಿ ಬಿತ್ತು. ಆರಿಸದೆ, ಮುಚ್ಚಿ ಒಂದ್ಸಲ ಕೇಳಿ."

ಪ್ರೊಫೆಸರ್ ನಕ್ಕ. ಅಜ್ಜಿಗೆ ಬುದ್ಧಿ ಬರಲೆಂದೇ ಬಾನೆಟ್ ಧಡ್ ಎಂದು ಹಾಕಿದ. ಎಂಜಿನ್ ಮುಗ್ಗರಿಸಿತು. ಎತ್ತಿದ, ಸರಿಹೋಯಿತು. ಹಾಕಿದ, ಮುಗ್ಗರಿಸಿತು. ಮೂರನೆಯ ಸಲಕ್ಕೆ ಅವನ ನಗು ಬಾನೆಟ್ಟಿನ ಕೆಳಗೇ ಉಳಿಯಿತು.

ಬಗ್ಗಿ ನೋಡಿದರೆ, ಬಾನೆಟ್ಟಿನ ಒಳಮೈಗೆ ಅಂಟಿಸಿದ ದಪ್ಪ ಸ್ಪಂಜಿನ ಹಾಳೆ ಬಿಸಿಗೆ ಅಂಟು ಬಿಟ್ಟು ಜೋತುಬಿದ್ದಿತ್ತು. ಮುಚ್ಚಿದಾಗಲೆಲ್ಲ ಅದು ಒಂದು ಪ್ಲಗ್ಗಿನ ವೈರನ್ನು ಅದುಮಿ ಜಾಗದಿಂದ ಅಲುಗಿಸುತ್ತಿತ್ತು.

"ಇದನ್ಯಾರ್ರೀ ಅಂಟಿಸಿದ್ದು?"

ನರ್ಸ್ ಭಾವನ ಮುಖ ನೋಡಿದಳು. ಭಾವ ಟೈರು ನೋಡಿದರು. ಎಂಜಿನ್ ಸದ್ದಿನಲ್ಲಿ ತಾವು ಹೇಳುವುದು ಯಾರಿಗೂ ಕೇಳಿಸುವುದಿಲ್ಲವೆಂದು ಹೋದ ತಿಂಗಳು ಅವರೇ ಅಂಟಿಸಿದ್ದರು.

ಪ್ರೊಫೆಸರ್ ಹಾಳೆ ಕಿತ್ತು ಅವರ ಕೈಗಿತ್ತ, ವೈರನ್ನು ಒತ್ತಿ ಕೂರಿಸಿದ. "ನಾನೂ ಇದನ್ನೇ ಹೇಳೋನಿದ್ದೆ, ಬಿಡಿ."

"ಹೇಳ್ತಾನೇ ಇದ್ರಲ್ಲ, ಅದಕ್ಕೇ ಕೇಳಿಸ್ಲಿಲ್ಲ," ಎಂದಳು ನರ್ಸ್. ಅತ್ತೆ ಮುಂದಿನ ಸೀಟಿಗೆ ಬಂದರು. ಪೆಟ್ರೋಲಿನ ನೀರಿನ ವಿಷಯ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಭಾವ ಪ್ರೊಫೆಸರನ ಬಳಿಯೇ ಉಳಿದರು. ಸ್ಪಂಜು ಕಂಕುಳಲ್ಲಿತ್ತು.

"ಕಣ್ಣಿನ ಡಾಕ್ಟರು ಆಮೇಲೆ," ಎಂದರು ಅತ್ತೆ. ಮೊದಲ ಮನೆಯ ಮುಂದೆ ಕಾರು ನಿಂತಾಗ ಇನ್ನೂ ನಾಲ್ಕು ನಿಮಿಷವಿತ್ತು. ಎಂಜಿನ್ ಆರಿಸಲು ನರ್ಸ್ ಕೀಲಿಗೆ ಕೈ ಹಾಕಿದಳು.

"ಒಂದು ಕ್ಷಣ ತಡಿಯಮ್ಮ," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ಇನ್ನೊಂದು ಸಾಲಿದೆ. ಇವತ್ತು ತಾಳ ಚೆನ್ನಾಗಿದೆ."