ನೆತ್ತರಿನ ಉಲು-ಉಲು

ವುರ್ಯಾನಿ ಡಾಕ್ಟರಮ್ಮ ಕಣ್ಣಿಗೆ ಬೀಳುವ ಮುಂಚೆ ಅವರ ಬಿಳಿ ಕೋಟು ಕಿವಿಗೆ ಬೀಳುತ್ತಿತ್ತು. ಜೇಬು ತುಂಬ ಸವೆದ ತಾಮ್ರದ ಬಿಲ್ಲೆಗಳು, ಎಡಗಾಲು ತುಸು ಎಳೆಯುವ ಅವರ ನಡಿಗೆಗೆ ತಕ್ಕಂತೆ ಝಣಗುಡುತ್ತಿದ್ದವು. ಮೈಗೆ ಗಾಳಿ ಹೊಕ್ಕಿತೆಂದರೆ ಎಣ್ಣೆ ಸವರಿ, ಅಂಥ ಬಿಲ್ಲೆಯಿಂದ ಬೆನ್ನಿನ ಮೇಲೆ ಕೆಂಪು ಬರೆ ಏಳುವ ತನಕ ಕೆರೆಯುವವರು ಜಾವಾದ ನಾವು. ಎದೆ ಹಿಡಿದುಕೊಂಡರೂ ನಮಗೆ ಅದು 'ಕೂತ ಗಾಳಿ'ಯೇ, ಮದ್ದೂ ಅದೇ. ಎದೆನೋವಿನ ಮನೆಗೆ ಬಂದರೆ ಡಾಕ್ಟರಮ್ಮ ಮೊದಲು ಬಿಲ್ಲೆ ಕಸಿದು ಜೇಬಿಗಿಳಿಸಿ, ಆಮೇಲೆ ನಾಡಿ ಹಿಡಿಯುವರು. ಒಂದನ್ನಾದರೂ ವಾಪಸು ಕೊಟ್ಟದ್ದನ್ನು ನಾನು ಕಂಡಿಲ್ಲ.

ನಮ್ಮೂರಿನ ಉಲು-ಉಲು, ಅಂದರೆ ಗದ್ದೆಗಳಿಗೆ ಕಾಲುವೆ ನೀರು ಹಂಚುವ ಯಜಮಾನ, ಕಸ್ಮಾನ್. ಹೂಳು ಕಟ್ಟಿದ ಕಾಲುವೆಯನ್ನು ಗುದ್ದಲಿ ಹಿಡಿದು ತಾನೇ ಬಿಡಿಸುವ ಗಟ್ಟಿ ಆಳು. ಒಂದು ಬೆಳಿಗ್ಗೆ ತೂಬಿನ ಬಳಿ ಬೆವರಿ ಕುಸಿದವನನ್ನು ನಾವು ನೆರೆಯವರು ಮನೆಗೆ ಹೊತ್ತು ತಂದು, ಡಾಕ್ಟರಮ್ಮನಿಗೆ ಹೇಳಿ ಕಳಿಸಿದೆವು. ಅವರು ಬರುವಷ್ಟರಲ್ಲಿ ಹೆಂಡತಿ ಲಸಿನಾ ಎಣ್ಣೆ ಬಟ್ಟಲು, ಬಿಲ್ಲೆ ತಂದಿಟ್ಟಿದ್ದಳು. ಬಿಲ್ಲೆ ಡಾಕ್ಟರಮ್ಮನ ಜೇಬು ಸೇರಿತು. ಹೃದಯದ ನಾಳದಲ್ಲಿ ನೆತ್ತರು ಹೆಪ್ಪುಗಟ್ಟಿದೆ, ಈಗಲೇ ಆಸ್ಪತ್ರೆಗೆ ಹೊರಡದಿದ್ದರೆ ಜೀವ ಉಳಿಯದು ಎಂದರು. ಕೆರೆಸಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲವೆಂದು ಕಸ್ಮಾನನ ಹಟ.

ಡಾಕ್ಟರಮ್ಮ ಗದರಲಿಲ್ಲ. ಚಾಪೆಯ ಮೇಲೆ ಅವನ ಪಕ್ಕ ಕುಳಿತರು.

"ನಿಮ್ಮ ನೆತ್ತರಲ್ಲೂ ಒಬ್ಬ ಉಲು-ಉಲು ಅವ್ನೆ, ಕಸ್ಮಾನ್ ಯಜಮಾನ್ರೇ. ಪ್ಲಾಸ್ಮಿನೋಜೆನ್ ಅಂತ ಹೆಸ್ರು. ಹೆಪ್ಪು ಒಡೆಯೋನು ಅವ್ನೇ, ಈಗ ಮಲಗವ್ನೆ. ನಮ್ಮ ಮದ್ದು ಅವ್ನನ್ನ ಎಬ್ಬಿಸುತ್ತೆ ಅಷ್ಟೆ, ಗೊತ್ತಾಯ್ತಾ?"

ಆ ನೋವಿನಲ್ಲೂ ಕಸ್ಮಾನನಿಗೆ ಅವಮಾನವಾಯಿತು. "ಉಲು-ಉಲು ಮಲಗೋದುಂಟಾ? ಎಂಥ ಸೋಮಾರೀನ ಸಾಕ್ಕೊಂಡಿದೀನಿ ಒಳ್ಗೆ!"

"ಸೋಮಾರಿ ಅಲ್ಲ. ಅವ್ನು ಎದ್ರೆ ಹೂಳು ಯಾವ್ದು, ಬದು ಯಾವ್ದು ಅಂತ ನೋಡಲ್ಲ, ಸಿಕ್ಕಿದ್ದೆಲ್ಲ ಅಗೀತಾನೆ. ಈಗ ಬೆನ್ನು ಕೆರೆದ್ರೆ ಅಲ್ಲಿ ಒಳಗಾಯ ಮುಚ್ಕೊಂಡು ಕೂರೋದೂ ಹೆಪ್ಪೇ, ಅದೇ ಬದು. ಅದನ್ನೂ ಒಡೆದ್ರೆ ಚರ್ಮದಡಿ ನೆತ್ತರು ನಿಲ್ಲಲ್ಲ."

ಕಸ್ಮಾನ್ ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಬದು ಮುಟ್ಬೇಡ ಕಣೇ. ಗಾಡಿ ಹತ್ಸು."

ಆಸ್ಪತ್ರೆಯಲ್ಲಿ ಮದ್ದು ಹನಿಹನಿಯಾಗಿ ಅವನ ನೆತ್ತರಿಗೆ ಇಳಿಯಿತು. ಮಧ್ಯಾಹ್ನದ ನಮಾಜಿನ ಕರೆ ಕೇಳುವ ಹೊತ್ತಿಗೆ ಎದೆಯ ಮೇಲಿನ ಬಂಡೆ ಸರಿದಂತಾಗಿ, ಅವನು ಅನ್ನ ಕೇಳಿದ. ಲಸಿನಾ ಅಳುತ್ತ ಡಾಕ್ಟರಮ್ಮನ ಕೈ ಹಿಡಿದು ಹಣೆಗೊತ್ತಿಕೊಂಡರೆ, ಅವರು ಕೈ ಬಿಡಿಸಿಕೊಂಡು ಗಂಡನ ಕಡೆ ತೋರಿಸಿದರು: "ಕೆಲ್ಸ ಮಾಡಿದ್ದು ಅವ್ರ ಒಳಗಿನೋನು."

ತಮ್ಮ ವಿದ್ಯೆಯ ಬಲ ತೋರಿಸಿ ಗೆಲ್ಲುವ ವೈದ್ಯರನ್ನು ಈ ವಯಸ್ಸಿಗೆ ಬೇಕಾದಷ್ಟು ಕಂಡಿದ್ದೇನೆ, ಅವರಿಗೂ ಕೈ ಮುಗಿದಿದ್ದೇನೆ. ಆದರೆ ಮಲಗಿದವನ ಮೈಯಲ್ಲೇ ಅವನ ಬಲವನ್ನು ಹುಡುಕಿ, ಅದನ್ನು ಅವನದೇ ಮಾತಿನಲ್ಲಿ ಹೆಸರಿಟ್ಟು ಕರೆದು, ಗೆದ್ದ ಮೇಲೆ ಗೆಲುವನ್ನೂ ಅವನಿಗೇ ಬಿಟ್ಟು ಹೋಗುವ ಜಾತಿಯವರು ಬೇರೆ. ಅಂಥವರು ಬಂದು ಹೋದ ಊರಿನಲ್ಲಿ ಬಡವನೂ ತನ್ನ ನೆತ್ತರಿನ ಬಗ್ಗೆ ಹೆಮ್ಮೆಯಿಂದ ಬದುಕುತ್ತಾನೆ.