ಹದಿನೇಳನೇ ನಂಬರಿನ ಅಂಗಿ

ಅಂಗಿಯ ಬೆನ್ನಿನಿಂದ ಹೆಸರು ಬಿಚ್ಚಿ ತೆಗೆದರೂ ಸೂಜಿಯ ತೂತುಗಳು ಉಳಿಯುತ್ತವೆ. ಒಗೆದು, ಹಬೆ ಕೊಟ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಕಿಟಕಿಗೆ ಹಿಡಿದರೆ ಬೆಳಕು ಆ ತೂತುಗಳಲ್ಲಿ ತೂರಿ, ಹೋದವನ ಹೆಸರು ಓದಲು ಬರುತ್ತದೆ.

ನಾವಿದ್ದ ಊರು ಅಮೆರಿಕದ ಷಾರ್ಲಟ್‌ನಿಂದ ನಲವತ್ತು ಮೈಲಿ. ನನ್ನ ಗಂಡ ಈರಣ್ಣ ಅಲ್ಲಿಯ ಹತ್ತಿ ಗಿರಣಿಯಲ್ಲಿ ಮಗ್ಗಗಳ ಎಂಜಿನಿಯರ್. ನಾನು ರಾಣೆಬೆನ್ನೂರಿನಲ್ಲಿ ಹದಿನಾಲ್ಕನೇ ವಯಸ್ಸಿಗೇ ಮಷಿನ್ ತುಳಿದವಳು. ಇಲ್ಲಿ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದೆ. ಊರಿಗೊಂದು ಬೇಸ್‌ಬಾಲ್ ತಂಡವಿತ್ತು. ದೊಡ್ಡ ತಂಡಕ್ಕೆ ಹತ್ತುವ ಏಣಿಯ ಕೆಳಗಿನ ಮೆಟ್ಟಿಲು ಅದು. ಹತ್ತೊಂಬತ್ತು, ಇಪ್ಪತ್ತರ ಹುಡುಗರು ಬರುತ್ತಿದ್ದರು. ಕೆಲವರು ಮೇಲೆ ಹೋಗುತ್ತಿದ್ದರು, ಹೆಚ್ಚಿನವರು ಮನೆಗೆ. ಅಂಗಿಗಳು ಮಾತ್ರ ಇಲ್ಲೇ. ಹಳಬನ ಹೆಸರು ಬಿಚ್ಚಿ ಹೊಸಬನ ಹೆಸರು ಹೊಲಿಯುವುದು ನನ್ನ ಕೆಲಸ.

ನಮ್ಮ ಕಡೆ ಹೆಂಗಸರು ಹೊಲಿಯಲು ಕೊಡುವಾಗ ಜೊತೆಗೆ ಅಳತೆಯ ಕುಪ್ಪಸ ಕೊಡುತ್ತಾರೆ. ಟೇಪು ಮೈಗೆ ತಾಗಿಸುವ ಪ್ರಶ್ನೆಯೇ ಇಲ್ಲ. ಆ ರೂಢಿ ನನ್ನ ಜೊತೆ ಇಲ್ಲಿಗೂ ಬಂದಿತ್ತು. ಈ ಹುಡುಗರಿಗೂ, ಸರಿಹೊಂದುವ ಒಂದು ಅಂಗಿ ಇಟ್ಟು ಹೋಗಿ ಎನ್ನುತ್ತಿದ್ದೆ.

ತೊಂಬತ್ತಮೂರರಲ್ಲಿ ರೇ ಹಾಲಿಸ್ ಎಂಬ ಹುಡುಗ ಬಂದ. ಪಿಚರ್, ಅಂದರೆ ಚೆಂಡು ಎಸೆಯುವವನು. ಬೆನ್ನ ಮೇಲೆ ಹದಿನೇಳು. ಜೂನ್‌ನಲ್ಲಿ ಅವನು ಒಳಗೆ ಹಾಕುವ ತುಂಬುತೋಳಿನ ಅಂಗಿಯೊಂದನ್ನು ತಂದು, ಬಲಗೈ ತೋಳನ್ನು ಮುಕ್ಕಾಲು ಇಂಚು ಮೊಟಕು ಮಾಡಲು ಹೇಳಿದ.

"ಎಡಗೈದು?"

"ಅದು ಸರಿಯಾಗಿದೆ, ಮ್ಯಾಮ್. ಬಲಗಡೆದು ಮಣಿಕಟ್ಟಿನ ಮೇಲೆ ಬೀಳುತ್ತೆ."

ಹುಚ್ಚು ಹುಡುಗರು, ಏನೋ ಷೋಕಿ ಎಂದುಕೊಂಡು ಕತ್ತರಿಸಿದೆ. ಎರಡು ವಾರಕ್ಕೆ ಅದೇ ಅಂಗಿ ತಂದು ಇನ್ನೂ ಕಾಲಿಂಚು ಎಂದ. "ಏನಪ್ಪಾ, ಕೈ ಒಳಗೆ ಹೋಗ್ತಾ ಇದೆಯಾ?" ಎಂದು ನಾನು ತಮಾಷೆ ಮಾಡಿದೆ. ಅವನು ಜೋರಾಗಿ ನಕ್ಕ. ಕಿವಿ ಕೆಂಪಾದದ್ದು ಕಂಡಿತು; ಯಾಕೆಂದು ಕೇಳಲಿಲ್ಲ.

ಆ ಅಂಗಿ ಒಯ್ಯಲು ಅವನು ಬರಲಿಲ್ಲ. ಶನಿವಾರ ನಾವು ಆಟ ನೋಡಲು ಹೋಗಿದ್ದೆವು. ಐದನೆಯದೋ ಆರನೆಯದೋ ಸುತ್ತು. ರೇ ಚೆಂಡು ಬಿಟ್ಟ ಗಳಿಗೆಗೆ ದಪ್ಪ ಬಟ್ಟೆ ಹರಿದಂಥ ಸದ್ದು ಬಂತು. ನಾವು ಕುಳಿತಲ್ಲಿಗೆ ಅದು ಕೇಳಿಸಲು ಸಾಧ್ಯವೇ ಇಲ್ಲ ಎಂದು ಈರಣ್ಣ ಇವತ್ತಿಗೂ ಹೇಳುತ್ತಾರೆ. ನನಗೆ ಕೇಳಿಸಿತು. ಅವನು ಬಲಗೈಯನ್ನು ಬೇರೆಯವರ ಸಾಮಾನಿನ ಹಾಗೆ ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮರುದಿನ ಅವನ ಕೋಣೆ ಖಾಲಿ; ಊರಿಗೆ ಹೊರಟುಹೋಗಿದ್ದ.

ಹುಡುಗರ ಮೈಕೈ ನೋಡಿಕೊಳ್ಳುವ ಟ್ರೇನರ್, ವಯಸ್ಸಾದ ಮನುಷ್ಯ, ಆಮೇಲೆ ಪ್ಯಾಂಟು ಕೊಡಲು ಬಂದಾಗ ಮಾತಿಗೆ ಮಾತು ಬಂದು ಹೇಳಿದರು: "ಮೊಣಕೈ ಕೆಡೋಕೆ ಶುರುವಾದ್ರೆ ಪೂರ್ತಿ ಚಾಚೋಕಾಗಲ್ಲ. ಕೈ ಗಿಡ್ಡ ಆದಂಗೆ ಕಾಣುತ್ತೆ. ಹುಡುಗರು ಮುಚ್ಚಿಡ್ತಾರೆ."

ಮುಚ್ಚಿಡಲು ತೋಳು ಕತ್ತರಿಸಿ ಕೊಟ್ಟವಳು ನಾನೇ.

ರೇ ಒಯ್ಯದೆ ಬಿಟ್ಟ ಆ ತುಂಬುತೋಳಿನ ಅಂಗಿ ನನ್ನ ಕೋಣೆಯ ಮೊಳೆಯ ಮೇಲೇ ಉಳಿಯಿತು. ಇಸ್ತ್ರಿ ಮಾಡಿ ನೆಟ್ಟಗೆ ನೇತುಹಾಕಿದರೂ ಬೆಳಿಗ್ಗೆ ಬಾಗಿಲು ತೆರೆದಾಗ ಅದರ ಬಲತೋಳು ಮೊಣಕೈ ಬಳಿ ಸ್ವಲ್ಪ ಮಡಿಚಿಕೊಂಡಿರುತ್ತಿತ್ತು.

"ಸೆಕಿಗೆ ಬಟ್ಟಿ ಮುದುಡತೈತಿ," ಎಂದರು ಈರಣ್ಣ.

"ಎಡಗೈ ಯಾಕ ಮುದುಡೂದಿಲ್ರಿ?"

ಎಸೆದುಬಿಡು ಎಂದರು. ನನ್ನಿಂದ ಆಗಲಿಲ್ಲ.

ಅಂದಿನಿಂದ ಅಳತೆಯ ಅಂಗಿ ಮುಟ್ಟಲಿಲ್ಲ. ಯಾರೇ ಬರಲಿ, ಟೇಪು ಹಿಡಿದು ಎರಡೂ ಕೈ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ತೊಂಬತ್ತೈದರ ಏಪ್ರಿಲ್‌ನಲ್ಲಿ ಹದಿನೇಳನೇ ನಂಬರು ವೆಸ್ಲಿ ಪ್ರೂಯಿಟ್‌ಗೆ ಬಂತು. ಅವನೂ ಪಿಚರ್. ಸೌತ್ ಕೆರೊಲಿನಾದ ಪೀಚ್ ಹಣ್ಣಿನ ತೋಟದವರ ಮಗ.

"ಮಿಸ್ ಶಾಂತಾ, ಬೆನ್ನ ಮೇಲೆ ಹೆಸರು ಹಾಕೋಕೆ ಕೈ ಯಾಕೆ ಅಳೀತೀರಾ? ನನ್ನ ಮದುವೆ ಸೂಟ್ ಹೊಲೀತಿದ್ದೀರಾ?"

"ಮೊದಲು ಹುಡುಗಿ ತೋರಿಸು."

ಎರಡೂ ಕೈ ಇಪ್ಪತ್ತೈದೂವರೆ ಇಂಚು. ಬರೆದುಕೊಂಡೆ. ಆ ಬೇಸಿಗೆಯೆಲ್ಲ ಅವನು ಹೋಗುತ್ತ ಬರುತ್ತ ಅಂಗಡಿಗೆ ಇಣುಕುತ್ತಿದ್ದ. ನನ್ನ ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಇನ್ನೊಂದು ಕೇಳುತ್ತಿದ್ದ. ಅವನ ಚೆಂಡಿನ ವೇಗದ ಮಾತು ಊರಲ್ಲೆಲ್ಲ ಇತ್ತು.

ಜುಲೈ ತಿಂಗಳ ಒಂದು ಮಂಗಳವಾರ ತುಂಬುತೋಳಿನ ಅಂಗಿ ತಂದ.

"ಬಲಗಡೆ ತೋಳು ಸ್ವಲ್ಪ ಮೊಟಕು ಮಾಡಬೇಕು."

ನಾನು ಟೇಪು ತೆಗೆದೆ. "ಕೈ ಚಾಚು," ಎಂದೆ. ಅವನು ಎಡಗೈ ಚಾಚಿದ. "ಅದಲ್ಲಪ್ಪ."

ಬಲಗೈ ಇಪ್ಪತ್ನಾಲ್ಕೂಮುಕ್ಕಾಲು.

"ಪೂರ್ತಿ ಚಾಚು."

"ಇದೇ ಪೂರ್ತಿ, ಮ್ಯಾಮ್."

ನಾನು ಆ ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ಅವನೇ ಹೇಳಿದ. ಗುರುವಾರ ಅಟ್ಲಾಂಟಾದ ದೊಡ್ಡ ತಂಡದಿಂದ ಒಬ್ಬರು ಅವನ ಆಟ ನೋಡಲು ಬರುತ್ತಾರೆ. ಅವರು ಹೂಂ ಎಂದರೆ ಒಂದೇ ಸಲಕ್ಕೆ ಎರಡು ಮೆಟ್ಟಿಲು.

"ಗುರುವಾರ ಒಂದು ದಿನ. ಶುಕ್ರವಾರ ನಾನೇ ಹೇಳಿಬಿಡ್ತೀನಿ. ನನ್ನ ಅಣ್ಣಂದಿರು ಇಬ್ರೂ ತೋಟದಲ್ಲೇ ಇದಾರೆ. ನನ್ನನ್ನ ಅಲ್ಲಿಂದ ಹೊರಗೆ ತಂದಿದ್ದು ಈ ಕೈಯೊಂದೇ."

ನಾನು ಒಗೆಯಲು ಬಂದಿದ್ದ ಅವನ ಆಟದ ಅಂಗಿ ತೆಗೆದು ಕಿಟಕಿಗೆ ಹಿಡಿದೆ. ಅವನ ಹೆಸರಿನ ಅಕ್ಷರಗಳ ಸಂದಿಯಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕೆ. ಅವನು ಬಗ್ಗಿ ನಿಧಾನವಾಗಿ ಕೂಡಿಸಿಕೊಂಡು ಓದಿದ. "ಹಾಲಿಸ್. ಯಾರಿದು?"

"ತೋಳು ಮೊಟಕು ಮಾಡಿ ಅಂತ ನಿನಗಿಂತ ಮೊದಲು ಬಂದವನು. ಆಮೇಲೆ ಮೈದಾನದಲ್ಲೇ ಅವನ ಕೈ ಹೋಯ್ತು." ಮೊಳೆಯ ಮೇಲಿನ ಅಂಗಿಯನ್ನೂ ತೋರಿಸಿದೆ.

ವೆಸ್ಲಿ ಅದನ್ನು ಮುಟ್ಟಲಿಲ್ಲ. "ನಾನು ಅವನಲ್ಲ, ಮಿಸ್ ಶಾಂತಾ," ಎಂದು ಹೇಳಿ, ತನ್ನ ಅಂಗಿಯನ್ನು ಮೇಜಿನ ಮೇಲೇ ಬಿಟ್ಟು ಹೋದ.

ಸಂಜೆ ರೊಟ್ಟಿ ಬಡಿಯುತ್ತ ಈರಣ್ಣನಿಗೆ ಎಲ್ಲ ಹೇಳಿದೆ. "ನಾ ಹೇಳಿದ್ರ ಅವನ ಬಾಳೇ ಹಾಳ ಆಗತೈತೇನ್ರಿ?"

"ಆಗಬಹುದು." ಅವರು ಸುಳ್ಳು ಸಮಾಧಾನ ಹೇಳುವವರಲ್ಲ. "ನಮ್ಮ ಮಗ್ಗದಾಗ ನೂಲು ಹರಿಯೂಕಿಂತ ಮೊದಲ ಒಂದು ಸಪ್ಪಳ ಬರತೈತಿ. ಕೇಳಿದಾಂವ ಮಗ್ಗ ನಿಲ್ಲಿಸಬೇಕು. ಆಮ್ಯಾಲ ಯಾರರೆ ಬೈಲಿ."

"ನೂಲಿಗೆ ಅಣ್ಣತಮ್ಮ ಇರೂದಿಲ್ಲ."

"ಇರೂದಿಲ್ಲ. ನಿನಗ ಸಪ್ಪಳ ಕೇಳಿಸೇತಿ ಹೌದೋ ಅಲ್ಲೋ?"

ಬುಧವಾರ ನೋಟ್‌ಬುಕ್ ಹಿಡಿದು ಟ್ರೇನರ್ ಬಳಿ ಹೋದೆ. ಏಪ್ರಿಲ್‌ನ ಸಾಲು, ಜುಲೈನ ಸಾಲು. ಅವರು ಎರಡನ್ನೂ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಫೋನ್ ಎತ್ತಿದರು. ಗುರುವಾರ ಬೇರೊಬ್ಬ ಹುಡುಗ ಆಡಿದ.

ವೆಸ್ಲಿಯ ಮೊಣಕೈಗೆ ಆಪರೇಷನ್ ಆಯಿತು. ಕೈ ಉಳಿಯಿತು. ಆ ವೇಗ ಮರಳಲಿಲ್ಲ. ಮರುವರ್ಷ ತಂಡ ಅವನನ್ನು ಕೈಬಿಟ್ಟಿತು. ನನ್ನ ಅಂಗಡಿಗೆ ಅವನು ಮತ್ತೆ ಬರಲಿಲ್ಲ. ಆ ಗುರುವಾರ ಆಡಿದ್ದರೆ ಕೈ ತಡೆಯುತ್ತಿತ್ತೋ ಏನೋ. ಮೇಲೆ ಹೋಗಿಬಿಡುತ್ತಿದ್ದನೋ ಏನೋ. ಟೇಪು ಅದನ್ನು ಹೇಳುವುದಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಈರಣ್ಣನ ಜೊತೆ ಸೌತ್ ಕೆರೊಲಿನಾದ ರಸ್ತೆಯಲ್ಲಿ ಹೋಗುತ್ತ ಪೀಚ್ ಮಾರುವ ಕಡೆ ಕಾರು ನಿಲ್ಲಿಸಿದೆವು. ಶೆಡ್ಡಿನಾಚೆ ಒಬ್ಬ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದ. ಬಲಗೈ ತಲೆಯ ಮೇಲಕ್ಕೆ ನೆಟ್ಟಗೆ ಚಾಚುತ್ತಿತ್ತು, ಬೆರಳ ತುದಿಯವರೆಗೆ. ದೂರದಿಂದಲೇ ಅಳೆದೆ. ಪೂರ್ತಿ ಇಪ್ಪತ್ತೈದೂವರೆ.

ವೆಸ್ಲಿ ತಿರುಗಿದ. ನನ್ನ ಗುರುತು ಸಿಕ್ಕಿತು. ನಾನು ಕೈ ಎತ್ತಿದೆ. ಅವನು ನೋಡಿದ, ಮುಖ ತಿರುಗಿಸಿ ಇನ್ನೊಂದು ಪೆಟ್ಟಿಗೆ ಎತ್ತಿದ.

ಮರುದಿನ ಹದಿನೇಳನೇ ನಂಬರಿನ ಅಂಗಿ ಮತ್ತೆ ಬಂತು, ಹೊಸ ಪಿಚರ್‌ಗೆ. ವೆಸ್ಲಿಯ ನಂತರ ಯಾರಿಗೂ ಕೊಟ್ಟಿರಲಿಲ್ಲ. ಅವನ ಹೆಸರನ್ನು ಒಂದೊಂದೇ ಅಕ್ಷರ ಬಿಚ್ಚಿ ಕಿಟಕಿಗೆ ಹಿಡಿದೆ. ತೂತುಗಳ ಮೇಲೆ ತೂತು ಬಿದ್ದು ಯಾರ ಹೆಸರೂ ಓದಲು ಬರಲಿಲ್ಲ. ಮೊಳೆಯ ಮೇಲೆ ರೇ ಹಾಲಿಸ್‌ನ ತೋಳು ಎಂದಿನಂತೆ ಮಡಿಚಿಕೊಂಡಿತ್ತು. ಹೊಸ ಹುಡುಗ ಬಾಗಿಲಲ್ಲಿ ನಿಂತು, ಕೈಯಲ್ಲಿ ಅಳತೆಗೊಂದು ಅಂಗಿ ಹಿಡಿದು ಕಾಯುತ್ತಿದ್ದ.

"ಅದು ಬೇಡಪ್ಪ," ಎಂದೆ. "ಬಾ, ಎರಡೂ ಕೈ ಚಾಚು."