ಒಂಬತ್ತನೇ ದಿನದ ಪೋರ್ಟಿಕೊ

೧

ಎಲ್ಲಿಂದ ಶುರು ಮಾಡಲಿ? ೨೦೦೪ನೇ ಇಸವಿಯ ಸೈಬರ್ ಕೆಫೆಯ ಕಥೆ ಎಂದರೆ ಮೋಡೆಮ್ಮಿನ ಕೀರಲು ಸದ್ದಿನಿಂದ ಶುರು ಮಾಡುವುದು ರೂಢಿ. ಎರಡು ಸಲ ಹಾಗೆಯೇ ಬರೆದೆ, ಎರಡು ಸಲವೂ ಹರಿದೆ. ಯಾಕೆಂದರೆ ಕಥೆಯ ನಾಯಕ ಹೊಳೆಪ್ಪನಿಗೆ ಆ ಸದ್ದಿನ ನೆನಪೇ ಇಲ್ಲ. ಅವನು ಮಣಿಪಾಲದಲ್ಲಿ ಗುಣವತಿ ಎಂಬವಳ ಸೈಬರ್ ಅಂಗಡಿಗೆ ಮೊದಲ ಸಲ ಹೋದದ್ದು ರೇಷನ್ ಕಾರ್ಡಿನ ಜೆರಾಕ್ಸ್ ಮಾಡಿಸಲಿಕ್ಕೆ. ಕರೆಂಟು ಹೋಗಿತ್ತು, ಕಾಯಬೇಕಿತ್ತು. ಆ ಕಾಯುವಿಕೆಯಿಂದಲೇ ಶುರು ಎಂದು ಇಟ್ಟುಕೊಳ್ಳಿ.

(ಶುರುವಾಗಿಯೇ ಹೋಯಿತು ನೋಡಿ. ಇನ್ನು ನೀವು ಎದ್ದು ಹೋಗುವಂತಿಲ್ಲ.)

ಹೊಳೆಪ್ಪ ಬಾದಾಮಿ ಕಡೆಯವನು, ವಯಸ್ಸು ನಲವತ್ತರ ಆಚೀಚೆ. ಕೆಲಸ ಸೆಂಟ್ರಿಂಗ್. ಅಂದರೆ ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ಹಲಗೆ ಹಾಸಿ ಕಂಬ ಕೊಡುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಬಿಚ್ಚಿದ ಹಲಗೆಗಳನ್ನು ಹೊತ್ತು ಹಾಕುವವಳು ಹೆಂಡತಿ ರತ್ನವ್ವ.

ಕರೆಂಟು ಬಂದ ಮೇಲೆ ಅಂಗಡಿಯಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಕಂಪ್ಯೂಟರಿನ ಮುಂದೆ ಕೂತು ನಗುತ್ತಿದ್ದ. ಯಾಕೆ ನಗು ಎಂದು ಹೊಳೆಪ್ಪ ಕೇಳಿದ. ಅದರಲ್ಲೊಂದು ಚರ್ಚೆಯ ಜಾಗ ಉಂಟು, ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಗೊತ್ತಿದ್ದವರು ಉತ್ತರ ಬರೆಯುತ್ತಾರೆ ಎಂದು ಗುಣವತಿ ವಿವರಿಸಿದಳು. ಚಿನ್ನಕ್ಕೆ ಯಾಕೆ ತುಕ್ಕು ಹಿಡಿಯುವುದಿಲ್ಲ ಎಂಬಲ್ಲಿಂದ ಹಿಡಿದು ಮದುವೆಗೆ ಜಾತಕ ಯಾಕೆ ಎಂಬಲ್ಲಿಯವರೆಗೆ. ಉತ್ತರ ಬರೆಯುವವರಿಗೆ ಪಗಾರ ಎಷ್ಟು ಎಂದು ಹೊಳೆಪ್ಪ ವಿಚಾರಿಸಿದ. ಏನೂ ಇಲ್ಲ ಎಂದಳು. ಅವನು ನಂಬಲಿಲ್ಲ. ಎರಡು ವಾರ ಅದನ್ನೇ ಯೋಚಿಸಿ, ಮೂರನೇ ಭಾನುವಾರ ತಲೆ ಬಾಚಿಕೊಂಡು ಬಂದ.

"ಅಕ್ಕಾರ, ಒಂದ ಕೇಳೂದೈತ್ರಿ. ಬೆಂಕಿ ಇಲ್ದ ಕಾಂಕ್ರೀಟ್ ಯಾಕ ಬಿಸಿ ಆಗ್ತೈತಿ?"

ಗುಣವತಿಗೆ ಕಾಂಕ್ರೀಟು ಬಿಸಿಯಾಗುತ್ತದೆ ಎಂಬುದೇ ಹೊಸ ಸುದ್ದಿ. ಅವನದೇ ಹೆಸರಲ್ಲಿ ಖಾತೆ ತೆರೆದು ಟೈಪ್ ಮಾಡಿದಳು. ಮುಂದಿನ ಭಾನುವಾರಕ್ಕೆ ಹದಿನಾಲ್ಕು ಉತ್ತರ ಬಂದಿದ್ದವು. ಮಸ್ಕತ್ತಿನಲ್ಲಿದ್ದ ಎಲಿಜಬೆತ್ ಎಂಬ ಕೆಮಿಸ್ಟ್ರಿ ಟೀಚರು ಬರೆದದ್ದು ಅವನಿಗೆ ಹಿಡಿಸಿತು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ, ಸಿಮೆಂಟು ನೀರನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುತ್ತದೆ, ಆ ಕೆಲಸದ ಕಾವು ಅದು, ಅದರ ಬಲ ವಾರಗಟ್ಟಲೆ ಏರುತ್ತಲೇ ಇರುತ್ತದೆ. ಇಪ್ಪತ್ತು ವರ್ಷ ಸ್ಲ್ಯಾಬಿಗೆ ನೀರು ಕಟ್ಟಿದವನಿಗೆ ಯಾಕೆ ಕಟ್ಟುತ್ತೇವೆ ಎಂದು ಆವತ್ತು ತಿಳಿಯಿತು. ಮರುದಿನ ಕೆಲಸದ ಜಾಗದಲ್ಲಿ ಹೊಸ ಸ್ಲ್ಯಾಬಿನ ಮೇಲೆ, ಎಮ್ಮೆಯ ಮೈ ತಡವುವ ಹಾಗೆ, ಸುಮ್ಮನೆ ಕೈ ಇಟ್ಟು ನಿಂತಿದ್ದನಂತೆ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಡಾಲರಿನ ರೇಟು ಬೆಳಿಗ್ಗೆ ಯಾರು ಕೂತು ನಿಶ್ಚಯ ಮಾಡುತ್ತಾರೆ? ಲಿಫ್ಟು ಇಳಿಯುವಾಗ ಹೊಟ್ಟೆ ಯಾಕೆ ಮೇಲೆ ಬರುತ್ತದೆ? ಭಾನುವಾರವೆಲ್ಲ ಆ ಅಂಗಡಿಯ ಟಿವಿ ಮುಂದೆ ಕೂರಲಿಕ್ಕೆ ಹೋಗುತ್ತಾನೆ ಎಂದು ರತ್ನವ್ವ ಓಣಿಯವರ ಮುಂದೆ ಹೇಳುತ್ತಿದ್ದಳು.

೨

ಈ ಮಧ್ಯೆ ಬಹರೈನಿನಿಂದ ಒಬ್ಬರು ಒಂದು ಪ್ರಶ್ನೆ ಹಾಕಿದರು. ಹೆಸರು ತಾರಾನಾಥ. ಊರಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಪೋರ್ಟಿಕೊ ಗೋಡೆಯಿಂದ ಆರಡಿ ಮುಂದೆ ಚಾಚಿದೆ, ಎದುರಿಗೆ ಪಿಲ್ಲರ್ ಇಲ್ಲ, ಕಂಟ್ರಾಕ್ಟರು ಒಂಬತ್ತನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚುತ್ತೇನೆ ಎನ್ನುತ್ತಾರೆ, ಆಗಬಹುದೇ?

ಏಳು ದಿನ ಸಾಕು ಎಂದು ಒಬ್ಬರು ಸೂತ್ರ ಸಮೇತ ಬರೆದಿದ್ದರು. ಹೊಳೆಪ್ಪ ಬೇಡವೇ ಬೇಡ ಎಂದ. ಎರಡೂ ಕಡೆ ಗೋಡೆ ಇರುವ ಸಣ್ಣ ಸ್ಲ್ಯಾಬಿಗೆ ಆ ಲೆಕ್ಕ. ಚಾಚಿದ್ದಕ್ಕೆ ಇಪ್ಪತ್ತೊಂದು ದಿನ ಬೇಕು. ಬಿಚ್ಚುವಾಗಲೂ ಹೊರಗಿನ ತುದಿಯಿಂದ ಗೋಡೆಯ ಕಡೆಗೆ ಬರಬೇಕು. ಗುಣವತಿ ಅಷ್ಟನ್ನೂ ಬರೆದಳು. ಸೂತ್ರದವರು ತಕ್ಷಣ, ತಾವು ಯಾವ ಕಾಲೇಜಿನವರು ಎಂದು ಕೇಳಿದರು.

"ಎಂತ ಬರೆಯುವುದು ಹೊಳೆಪ್ಪಣ್ಣ?" ಗುಣವತಿಗೆ ಸ್ವಲ್ಪ ಸಿಟ್ಟು ಬಂದಿತ್ತು.

ಹೊಳೆಪ್ಪ ಯೋಚಿಸಿದ. "ಕಾಲೇಜ್ ಓದಿಲ್ಲ, ಕಟ್ಟೀನಿ ಅಂತ ಬರೀರಿ. ನಿಟ್ಟೆ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲೂ ಕಟ್ಟೀನಿ."

(ಈ ಮಾತು ನನಗೇ ಹೊಳೆದದ್ದು ಎಂದು ಹೇಳಿಕೊಳ್ಳುವ ಆಸೆಯಿತ್ತು. ಆದರೆ ಗುಣವತಿ ಪ್ರಿಂಟ್ ತೆಗೆದಿಟ್ಟಿದ್ದಾಳೆ.)

೩

ಮಂಗಳವಾರ ಬೆಳಿಗ್ಗೆ ಕಂಟ್ರಾಕ್ಟರ್ ಸುಂದರ ಹೊಳೆಪ್ಪನನ್ನೂ ರತ್ನವ್ವನನ್ನೂ ಇನ್ನಿಬ್ಬರನ್ನೂ ಪಿಕಪ್ಪಿನಲ್ಲಿ ಕೂರಿಸಿ ಉಚ್ಚಿಲಕ್ಕೆ ಕರೆದೊಯ್ದ. ಅಲ್ಲಿ ಸೆಂಟ್ರಿಂಗ್ ಹಾಕಿದ್ದು ಬೇರೆ ಗುಂಪು. ಇವರು ಬಿಚ್ಚಬೇಕು, ಅದೇ ಹಲಗೆ ಸಂಜೆಗೆ ಕಾರ್ಕಳದ ಇನ್ನೊಂದು ಕೆಲಸಕ್ಕೆ ಹೋಗಬೇಕು. ಹೊಳೆಪ್ಪ ಇಳಿದು ನೋಡಿದ. ಆರಡಿ ಚಾಚಿದ ಪೋರ್ಟಿಕೊ. ಎದುರಿಗೆ ಪಿಲ್ಲರ್ ಇಲ್ಲ. ಎಷ್ಟು ದಿನವಾಯಿತು ಎಂದರೆ ಒಂಬತ್ತು. ಮನೆ ಯಾರದು ಎಂದರೆ ಬಹರೈನಿನ ತಾರಾನಾಥರದು.

(ಇಷ್ಟು ದೊಡ್ಡ ಪ್ರಪಂಚದಲ್ಲಿ ಅದೇ ಮನೆಯೇ ಎಂದು ನೀವು ಮೂಗು ಮುರಿಯುವುದು ನನಗೆ ಕಾಣುತ್ತಿದೆ. ನಾನೂ ಮುರಿದೆ. ಆದರೆ ಕಾಪುವಿನಿಂದ ಪಡುಬಿದ್ರಿಯ ತನಕ ಆ ವರ್ಷ ಸುಂದರ ಕಟ್ಟದ ಮನೆ ಯಾವುದಿತ್ತು?)

ಹೊಳೆಪ್ಪ ಕಂಬ ಮುಟ್ಟಲಿಲ್ಲ. ಬಿಚ್ಚುವಂತಿಲ್ಲ, ಇನ್ನೂ ಹನ್ನೆರಡು ದಿನ ಬೇಕು ಎಂದ.

ಸುಂದರ ಕೆಟ್ಟವನಲ್ಲ. ಅವನಿಗೆ ಹಲಗೆ ಬೇಕಿತ್ತು, ಅಷ್ಟೇ. "ನಿನಗೆ ಇದನ್ನೆಲ್ಲ ಯಾರು ಹೇಳಿದ್ದು ಮಾರಾಯ?"

"ಇಂಟರ್ನೆಟ್ಟಿನಾಗ ಐತ್ರಿ."

ಉಳಿದಿಬ್ಬರೂ ನಕ್ಕರು. ಸುಂದರ ನಗಲಿಲ್ಲ. ಆಗುವುದಿಲ್ಲವಾದರೆ ನಾಳೆಯಿಂದ ಬರುವುದು ಬೇಡ, ಬಿಚ್ಚುವವರು ಬೇರೆ ಉಂಟು ಎಂದ. ಹೊಳೆಪ್ಪನಿಗೆ ನಾಲ್ಕು ವರ್ಷದಿಂದ ಕೆಲಸ ಕೊಡುತ್ತಿದ್ದವನು ಸುಂದರ. ಅವರು ಮಲಗುವ ಶೆಡ್ಡೂ ಅವನದೇ. ಅಷ್ಟರಲ್ಲಿ ರತ್ನವ್ವ ತಲೆಗೆ ಸಿಂಬಿ ಇಟ್ಟುಕೊಂಡು, ಎಂದಿನಂತೆ, ಪೋರ್ಟಿಕೊದ ಅಡಿಯಲ್ಲಿ ಹೋಗಿ ನಿಂತಿದ್ದಳು. ಬಿಚ್ಚಿದ ಹಲಗೆ ಎತ್ತಿಕೊಳ್ಳಲು ಅವಳು ಯಾವಾಗಲೂ ನಿಲ್ಲುವ ಜಾಗ ಅದು. ಹೊಳೆಪ್ಪ ಅದನ್ನು ಇಪ್ಪತ್ತು ವರ್ಷ ನೋಡಿದ್ದ, ಹೀಗೆ ನೋಡಿರಲಿಲ್ಲ.

"ರತ್ನಾ, ಹೊರಗ ಬಾ."

ಅವಳು ಗಂಡನ ಮುಖ ನೋಡಿದಳು. ಹೊರಗೆ ಬಂದು ಸಿಂಬಿ ತೆಗೆದು ಸುಂದರನಿಗೆ ಹೇಳಿದಳು: "ಅಂವ ಬಿಚ್ಚೂದಿಲ್ಲ ಅಂದಮ್ಯಾಲ ನಾ ಹೊರೂದಿಲ್ರಿ."

ಸುಂದರ ಮೊಬೈಲು ತೆಗೆದು ಬಹರೈನಿಗೆ ಫೋನ್ ಹಚ್ಚಿದ. ಯಜಮಾನರ ಬಾಯಿಂದಲೇ ಹೇಳಿಸಿದರೆ ಮುಗಿಯಿತಲ್ಲ. ಕೆಲಸದವನೊಬ್ಬ ಹಟ ಹಿಡಿದಿದ್ದಾನೆ ಎಂದು ಶುರು ಮಾಡಿದ, ನಡುವೆ ನಿಂತ, ಆಮೇಲೆ ಬರೀ ಹೂಂಗುಟ್ಟಿದ. ತಾನೂ ಅದನ್ನೇ ಹೇಳಲು ಫೋನ್ ಮಾಡಬೇಕೆಂದಿದ್ದೆ, ಬಿಚ್ಚಬೇಡಿ, ಇಂಟರ್ನೆಟ್ಟಿನಲ್ಲಿ ಒಬ್ಬರು ತಿಳಿದವರು ಇಪ್ಪತ್ತೊಂದು ದಿನ ಅಂದಿದ್ದಾರೆ ಎಂದು ಆ ಕಡೆಯಿಂದ ತಾರಾನಾಥರು ಹೇಳುತ್ತಿದ್ದರು.

"ಯಾವ ಹೊಳೆಪ್ಪ?" ಎಂದು ಸುಂದರ ಫೋನಿಗೆ ಕೇಳಿದ. ಕೇಳುತ್ತಲೇ ತಿರುಗಿದ.

೪

ಕೊನೆ, ಒಂದನೇ ಬಗೆ: ಫೋನು ಸಿಗುವುದಿಲ್ಲ, ಸುಂದರ ಬೇರೆಯವರಿಂದ ಬಿಚ್ಚಿಸುತ್ತಾನೆ, ಪೋರ್ಟಿಕೊ ಕುಸಿಯುತ್ತದೆ, ಹೊಳೆಪ್ಪ ಗೆಲ್ಲುತ್ತಾನೆ. ಬಹಳ ಚೆನ್ನಾಗಿ ಬರೆದಿದ್ದೆ, ಧೂಳೆಲ್ಲ ಎದ್ದಿತ್ತು. ಅವನಿಗೆ ಓದಿ ಹೇಳಿದೆ. ಯಾರ ಮೇಲೆ ಬಿತ್ತು ಎಂದು ಕೇಳಿದ. ಯಾರ ಮೇಲೂ ಇಲ್ಲ ಎಂದೆ.

"ಹಂಗಾರ ಹಲಗಿ ಯಾರ್ ಹೊತ್ತರ್ರಿ?"

ಆ ಪುಟ ಹರಿದೆ.

ಎರಡನೇ ಬಗೆ: ತಾರಾನಾಥರು ವಿಮಾನ ಇಳಿದು ಬಂದು ಅವನನ್ನು ತಬ್ಬಿಕೊಳ್ಳುತ್ತಾರೆ. ಇದಕ್ಕೂ ಹೊಳೆಪ್ಪ ತಕರಾರು ತೆಗೆದ. ಬಂದದ್ದು ನಿಜ, ಕೈ ಕುಲುಕಿದ್ದೂ ನಿಜ. ಆದರೆ ಕುಲುಕಿದ ಕೈ ಬಿಡುವ ಮೊದಲೇ ಟೆರೇಸಿನ ನೀರು ಸೋರುವುದಕ್ಕೆ ಏನು ಮಾಡುವುದು ಎಂದು ಕೇಳಿದರಂತೆ.

ನಡೆದದ್ದು ಇಷ್ಟು. ಇಪ್ಪತ್ತೊಂದನೇ ದಿನ ಹೊಳೆಪ್ಪ ಹೊರತುದಿಯಿಂದ ಒಂದೊಂದೇ ಕಂಬ ಸಡಿಲಿಸಿದ. ರತ್ನವ್ವ ಹಲಗೆ ಹೊತ್ತಳು. ಏನೂ ಆಗಲಿಲ್ಲ. ಒಂದು ಹರಳೂ ಉದುರಲಿಲ್ಲ. ಸುಂದರ ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿ, ಒಂಬತ್ತನೇ ದಿನ ಬಿಚ್ಚಿದ್ದರೂ ಹೀಗೆಯೇ ನಿಲ್ಲುತ್ತಿತ್ತು ಎಂದ.

ನಿಲ್ಲುತ್ತಿತ್ತೇ? ಹೊಳೆಪ್ಪ ಭಾನುವಾರ ಗುಣವತಿಯಿಂದ ಅದನ್ನೇ ಕೇಳಿಸಿದ. ಎಲಿಜಬೆತ್ ಟೀಚರು ಮೂರು ಪುಟ ಬರೆದು, ಗೊತ್ತಾಗುವ ಉಪಾಯವಿಲ್ಲ ಎಂದರು. ಸೂತ್ರದವರು ನಿಲ್ಲುತ್ತಿತ್ತು ಎಂದರು. ನನ್ನನ್ನು ಕೇಳಬೇಡಿ, ನಾನು ಬೀಳಿಸಲು ನೋಡಿದವನು.

ಕಳೆದ ವಾರ ಕಾರ್ಕಳಕ್ಕೆ ಹೋಗಿದ್ದೆ. ಅಲ್ಲೊಂದು ಪೋರ್ಟಿಕೊ, ಇದು ಐದಡಿ. ಸುಂದರ ಹದಿನಾಲ್ಕು ದಿನ ಎನ್ನುತ್ತಿದ್ದ, ಹೊಳೆಪ್ಪ ಇಪ್ಪತ್ತೊಂದು ಎನ್ನುತ್ತಿದ್ದ. ಚಹಾ ಆರುವ ತನಕ ಕೇಳಿಸಿಕೊಂಡ ರತ್ನವ್ವ, ಅದರ ಕೆಳಗೆ ನಿಲ್ಲುವವಳು ನಾನು, ನಾನು ಹೇಳಿದ ದಿನ ಬಿಚ್ಚುವುದು ಎಂದಳು.

ಯಾವ ದಿನ ಎಂದು ಅವಳು ಇನ್ನೂ ಹೇಳಿಲ್ಲ.